ಕಂಬ ಹತ್ತಲಾಗದ ದಿನಗಳು

ನಮ್ಮ ಸೆಕ್ಷನ್ ಆಫೀಸಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರೇ ಮನುಷ್ಯನ ಹೆಸರಾಗಿತ್ತು. ನಾನು ಸಂಪಗಾಂವದವನು, ಹಾಗಾಗಿ ಸಂಪಗಾಂವ. ನನ್ನ ಜೊತೆಗೇ ಲೈನ್‌ಮನ್ ಕೆಲಸಕ್ಕೆ ಸೇರಿದ ಗೆಳೆಯ ರಾಮದುರ್ಗ. ನಮಗಿಂತ ತುಸು ತಡವಾಗಿ ಬಂದ, ಮಾತು ಕಡಿಮೆ ಸಿಟ್ಟು ಹೆಚ್ಚು ಇದ್ದ ಇನ್ನೊಬ್ಬ ಚಚಡಿ. ಸಬ್‌ಸ್ಟೇಷನ್ನಿನಲ್ಲಿ ಕೂತು ಲೈನುಗಳಿಗೆ ಕರೆಂಟು ಬಿಡುವ, ತೆಗೆಯುವ ಕೆಲಸದ ಹೆಣ್ಣುಮಗಳು ಕಿತ್ತೂರಿನವರು. ವಯಸ್ಸಿನಲ್ಲಿ ನಮಗಿಂತ ಹಿರಿಯರು, ಆದ್ದರಿಂದ ಕಿತ್ತೂರ ಅಕ್ಕ. ನಮ್ಮ ಮೇಲಿನ ಮೇಸ್ತ್ರಿಗೆ ಮಾತ್ರ ಊರಿನ ಹೆಸರು ಅಂಟಿರಲಿಲ್ಲ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು.

ಸೆಕ್ಷನ್ ಇದ್ದದ್ದು ಬೈಲಹೊಂಗಲ ದಾಟಿ ಸವದತ್ತಿಯ ಕಡೆಗೆ. ಸುತ್ತಲಿನ ಹಳ್ಳಿಗಳು, ಹಳ್ಳಿಗಳಾಚೆಯ ಹೊಲಗಳು, ಹೊಲದ ಬಾವಿ ಬೋರುಗಳ ಪಂಪ್‌ಸೆಟ್ಟುಗಳು, ಇವೆಲ್ಲಕ್ಕೂ ಕರೆಂಟು ಮುಟ್ಟಿಸುವುದು ನಮ್ಮ ಪಾಲಿನ ಕೆಲಸ. ಬೆಳಿಗ್ಗೆ ಆಫೀಸಿನ ಮುಂದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾಕಾ ಯಾರು ಯಾವ ಕಡೆ ಎಂದು ಹಂಚುತ್ತಿದ್ದರು. ನಾನು ಮತ್ತು ರಾಮದುರ್ಗ ಯಾವಾಗಲೂ ಒಂದೇ ಗಾಡಿಯ ಮೇಲೆ. ಅವನ ಬುತ್ತಿಯಲ್ಲಿ ದಿನವೂ ಶೇಂಗಾ ಚಟ್ನಿ, ನನ್ನದರಲ್ಲಿ ಕಾಳು ಪಲ್ಯ. ಊಟದ ಹೊತ್ತಿಗೆ ಎಲ್ಲಿ ನೆರಳು ಸಿಕ್ಕರೆ ಅಲ್ಲಿ ಬಿಚ್ಚಿ, ಯಾರದು ಯಾವುದು ಎಂದು ನೋಡದೆ ಉಣ್ಣುತ್ತಿದ್ದೆವು.

ಈ ಕೆಲಸದಲ್ಲಿ ಜೊತೆಗಾರ ಎಂದರೆ ಬರಿಯ ಮಾತುಕತೆಗೆ ಇರುವವನಲ್ಲ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಆ ಲೈನಿನ ಕರೆಂಟು ತೆಗೆಸಬೇಕು. ತೆಗೆದಿದೆ ಎಂದು ಅಲ್ಲಿಂದ ಮಾತು ಬರಬೇಕು. ಅದಕ್ಕೆ ನಾವು ಎಲ್‌ಸಿ ಎನ್ನುತ್ತೇವೆ. ಎಲ್‌ಸಿ ಬಂದಮೇಲೆ ಒಬ್ಬ ಮೇಲೆ ಹೋಗುತ್ತಾನೆ, ಇನ್ನೊಬ್ಬ ಕೆಳಗೆ ನಿಲ್ಲುತ್ತಾನೆ. ಮೇಲಿದ್ದವನು ಇಳಿಯುವವರೆಗೆ ಕೆಳಗಿದ್ದವನು ಮೂತ್ರಕ್ಕೂ ಹೋಗುವುದಿಲ್ಲ. ಇದನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ಕಾಕಾ ನಡೆದುಕೊಂಡಿದ್ದನ್ನು ನೋಡಿ ನಾವು ಕಲಿತಿದ್ದೆವು.

ಆ ವರ್ಷ ಮುಂಗಾರಿಗೆ ಮೊದಲೇ ದೊಡ್ಡ ಗಾಳಿ ಬಂತು. ಒಂದು ಸಂಜೆ ಬೀಸಿದ ಗಾಳಿಗೆ ಕಬ್ಬಿನ ಹೊಲವೊಂದರ ದಂಡೆಯಲ್ಲಿ ತಂತಿ ಹರಿದು ಬಿದ್ದಿತ್ತು. ಮರುದಿನ ಮುಂಜಾನೆ ನಾವಿಬ್ಬರೂ ಹೋದೆವು. ಕಿತ್ತೂರ ಅಕ್ಕ ಎಲ್‌ಸಿ ಕೊಟ್ಟರು. ಹತ್ತುವ ಪಾಳಿ ನನ್ನದಿತ್ತು. ಹಳೆಯ ಕಬ್ಬಿಣದ ಕಂಬ, ಪಕ್ಕದಲ್ಲೇ ಒಂದು ಬೇವಿನ ಮರ. ನಾನು ಮೇಲೆ ಹೋಗಿ, ಸೊಂಟದ ಬೆಲ್ಟನ್ನು ಕಂಬಕ್ಕೆ ಬಿಗಿದುಕೊಂಡು, ಎರಡೂ ಕೈ ಬಿಟ್ಟು ಕೆಲಸಕ್ಕೆ ತೊಡಗಿದ್ದೆ. ತಂತಿ ಎಳೆದು ಕಟ್ಟುವಾಗ ಕೆಳಗಿನಿಂದ ಒಂದು ಸಪ್ಪಳ ಕೇಳಿತು. ಹಳೆಯ ಬಾಗಿಲು ತೆಗೆದಾಗ ಬರುವಂಥ ಸಪ್ಪಳ. ಆಮೇಲೆ ಕಂಬ ನಿಧಾನಕ್ಕೆ ವಾಲತೊಡಗಿತು.

ಆ ನಿಧಾನವೇ ನನ್ನನ್ನು ಕೆಡಿಸಿದ್ದು ಎಂದು ಈಗ ಅನಿಸುತ್ತದೆ. ಒಮ್ಮೆಗೇ ಬಿದ್ದಿದ್ದರೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಮುಗಿದಿರುತ್ತಿತ್ತು. ಬೆಲ್ಟಿನಿಂದ ಕಂಬಕ್ಕೇ ಕಟ್ಟಿಕೊಂಡಿದ್ದ ನಾನು ಅದರ ಜೊತೆ ವಾಲುತ್ತ, ಹೊಲ ಓರೆಯಾಗುವುದನ್ನೂ ರಾಮದುರ್ಗ ಬಾಯಿ ತೆರೆದು ಓಡಿಬರುವುದನ್ನೂ ನೋಡುತ್ತಿದ್ದೆ. ಕಂಬ ಹೋಗಿ ಬೇವಿನ ಮರದ ಕೊಂಬೆಗೆ ಆತು ನಿಂತಿತು. ಹಾಗೆ ಬಡಿದ ಹೊಡೆತಕ್ಕೆ ನನ್ನ ಎಡ ಭುಜದ ಮುಂದಿನ ಎಲುಬು ಮುರಿಯಿತು. ಕೊಂಬೆ ತಡೆಯದಿದ್ದರೆ ಕಂಬದ ಅಡಿಗೆ ನಾನಿರುತ್ತಿದ್ದೆ.

ರಾಮದುರ್ಗ ಮರ ಹತ್ತಿ ನನ್ನ ಹತ್ತಿರ ಬಂದ. ಅವನ ಮುಖ ಬಿಳಿಚಿತ್ತು, ದನಿ ಮಾತ್ರ ದಿನದ ಹಾಗೇ ಇತ್ತು.

"ಅಲುಗಬ್ಯಾಡ. ನಾ ಬೆಲ್ಟ್ ಬಿಚ್ಚತೇನಿ. ನನ್ನ ಕೊಳ್ಳಾಗ ಕೈ ಹಾಕು."

"ಕಂಬ ಜಾರತೈತಿ ಲೇ."

"ಜಾರಂಗಿಲ್ಲ. ನನ್ನ ಕಡೆ ನೋಡು. ಕೆಳಗ ನೋಡಬ್ಯಾಡ."

ಹೊಲದವರು ಇಬ್ಬರು ಬಂದು ಹಗ್ಗ ಹಿಡಿದರು. ನನ್ನನ್ನು ಕೂಸಿನ ಹಾಗೆ ಇಳಿಸಿಕೊಂಡರು. ಬೈಲಹೊಂಗಲದ ದವಾಖಾನೆಗೆ ಹೋಗುವವರೆಗೆ ಟೆಂಪೋದಲ್ಲಿ ಅವನು ನನ್ನ ಕೈ ಬಿಡಲಿಲ್ಲ. ಡಾಕ್ಟರು ಎಲುಬು ತಾನಾಗಿ ಕೂಡುತ್ತದೆ ಎಂದು ಕೈಯನ್ನು ಕೊರಳಿಗೆ ಕಟ್ಟಿ, ಮನೆಯಲ್ಲಿ ಸುಮ್ಮನಿರಲು ಹೇಳಿದರು.

ಸಂಪಗಾಂವದ ಮನೆಗೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಹೋದರು. ಕಾಕಾ ಬಾಳೆಹಣ್ಣು ತಂದು, ನನ್ನ ಜೊತೆ ಮಾತಾಡುವುದಕ್ಕಿಂತ ಹೆಚ್ಚು ಹೊತ್ತು ನಮ್ಮ ಎಮ್ಮೆಯನ್ನು ನೋಡುತ್ತ ನಿಂತರು. ಕಿತ್ತೂರ ಅಕ್ಕ ತಮ್ಮ ಊರಿಗೆ ಹೋಗುವ ದಾರಿಯಲ್ಲಿ ಇಳಿದು, ನನ್ನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದು ಹೋದರು. ಚಚಡಿಯೂ ಬಂದಿದ್ದ. ಬಾಗಿಲಲ್ಲೇ ನಿಂತು "ಆರಾಮ ಆಗು" ಎಂದಷ್ಟೇ ಹೇಳಿದ. ಎಲುಬು ಕೂಡಿತು. ಡಾಕ್ಟರು ಕೈಯನ್ನು ಮೇಲೆ ಕೆಳಗೆ ಮಾಡಿಸಿ ನೋಡಿ, ಇನ್ನು ಕೆಲಸಕ್ಕೆ ಹೋಗಬಹುದು ಎಂದರು. ನನಗೂ ಹೋಗುವ ಉಮೇದು ಇತ್ತು. ಮನೆಯಲ್ಲಿ ಕೂತು ಕೂತು ಬೇಸರವಾಗಿತ್ತು.

ಮೊದಲ ದಿನವೇ ಗೊತ್ತಾಯಿತು. ಊರೊಳಗಿನ ಒಂದು ಸಿಮೆಂಟ್ ಕಂಬದಲ್ಲಿ ಫ್ಯೂಸು ಸುಟ್ಟಿತ್ತು. ದಿನವೂ ಮಾಡುವ ಕೆಲಸ, ಎತ್ತರವೂ ಅಂಥದ್ದೇನಲ್ಲ. ಚಪ್ಪಲಿ ಬಿಟ್ಟು, ಬೆಲ್ಟು ಹಾಕಿಕೊಂಡು, ಕಂಬವನ್ನು ತಬ್ಬಿದೆ. ಎರಡು ಮಾರು ಹೋಗಿರಬಹುದು. ಆ ಬಾಗಿಲಿನ ಸಪ್ಪಳ ಕಿವಿಯಲ್ಲಿ ಬಂತು. ಕಂಬ ವಾಲುತ್ತಿದೆ ಎನಿಸಿತು. ವಾಲುತ್ತಿಲ್ಲ ಎಂದು ಕಣ್ಣಿಗೆ ಕಾಣುತ್ತಿದೆ, ಮೈ ಒಪ್ಪುತ್ತಿಲ್ಲ. ಅಂಗಾಲು ಬೆವತು ಜಾರತೊಡಗಿತು. ಮೊಣಕಾಲು ನಡುಗುತ್ತಿರುವುದು ಕೆಳಗೆ ನಿಂತವನಿಗೆ ಕಂಡಿರಲೇಬೇಕು. ನಾನು ಇಳಿದುಬಿಟ್ಟೆ.

"ಬಗಲ ಹಿಡಕೊಂಡೈತಿ," ಎಂದೆ.

ರಾಮದುರ್ಗ ನನ್ನ ಮುಖ ನೋಡಿದ. ಭುಜ ನೋಡಲಿಲ್ಲ. "ಬಿಡು, ನಾ ಹತ್ತತೇನಿ. ನೀ ಎಲ್‌ಸಿ ನೋಡ್ಕೊ," ಎಂದು ಬೆಲ್ಟು ಇಸಿದುಕೊಂಡ.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಅವನು ನನ್ನನ್ನು ಕೇಳಲೇ ಇಲ್ಲ. ಗಾಡಿ ನಿಲ್ಲಿಸಿದ ಕೂಡಲೇ ಬೆಲ್ಟು ತಾನೇ ಹಾಕಿಕೊಳ್ಳತೊಡಗಿದ. ಹೀಗೆ ಒಂದು ವ್ಯವಸ್ಥೆ ತಾನಾಗಿ ಬೆಳೆಯಿತು. ಕಂಬದ ಮೇಲಿನದೆಲ್ಲ ಅವನದು. ಫೋನು ಮಾಡುವುದು, ಹಗ್ಗ ಹಿಡಿಯುವುದು, ಸಾಮಾನು ಮೇಲೆ ಕಳಿಸುವುದು, ತಂತಿಗೆ ತಾಗುವ ಟೊಂಗೆ ಕಡಿಯುವುದು, ಕರೆಂಟು ಬರಲಿಲ್ಲ ಎಂದು ಕೂಗಾಡುವ ರೈತರನ್ನು ಸಮಾಧಾನ ಮಾಡುವುದು ನನ್ನದು. ಇನ್ನೊಂದು ರೂಢಿಯನ್ನೂ ನಾನು ಮಾಡಿಕೊಂಡೆ. ಅವನು ಹತ್ತುವ ಮೊದಲು ಹಾರೆ ತೆಗೆದುಕೊಂಡು ಪ್ರತಿ ಕಂಬದ ಬುಡದ ಮಣ್ಣು ಕೆದರಿ, ಕಬ್ಬಿಣದ್ದಾದರೆ ತುಕ್ಕು ಹಿಡಿದಿದೆಯೇ, ಸಿಮೆಂಟಿನದಾದರೆ ಬಿರುಕು ಬಿಟ್ಟಿದೆಯೇ ಎಂದು ಬಡಿದು ನೋಡುತ್ತಿದ್ದೆ. ತಡವಾಗುತ್ತದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಬೆಲ್ಟು ಹಾಕಿಕೊಂಡು ನಿಂತು ಕಾಯುತ್ತಿದ್ದ.

ಮನೆಯಲ್ಲಿ ನಾನು ಏನೂ ಹೇಳಿರಲಿಲ್ಲ. ಹೇಳುವುದಾದರೂ ಏನು. ಲೈನ್‌ಮನ್ ಆದವನಿಗೆ ಕಂಬ ಹತ್ತಲು ಅಂಜಿಕೆ ಎಂದರೆ, ಬಸ್ಸಿನ ಡ್ರೈವರನಿಗೆ ರಸ್ತೆ ಕಂಡರೆ ಅಂಜಿಕೆ ಎಂದ ಹಾಗೆ. ನಿದ್ದೆಯಲ್ಲಿ ಕಾಲು ಝಾಡಿಸುತ್ತಿದ್ದೆನಂತೆ. ಹೆಂಡತಿ ಮುಂಜಾನೆ ರೊಟ್ಟಿ ಬಡಿಯುತ್ತ ಕೇಳಿದಳು, "ಕನಸಿನ್ಯಾಗೂ ಕಂಬ ಹತ್ತತೀರೇನ್ರಿ?" ನಾನು ನಕ್ಕು ಬುತ್ತಿ ಕಟ್ಟಿಕೊಂಡೆ.

ಮಳೆಗಾಲ ಜೋರಾದಾಗ ಕೆಲಸ ಹೆಚ್ಚಿತು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಹೋಗುತ್ತಿತ್ತು. ಕಾಕಾ ನಮ್ಮ ಮೂವರನ್ನೂ ಒಟ್ಟಿಗೆ ಕಳಿಸತೊಡಗಿದರು. ಆಗ ನನ್ನ ಪಾಲಿನ ಕಂಬಗಳು ಚಚಡಿಯ ತಲೆಗೂ ಬಂದವು. ಅವನು ಹತ್ತುತ್ತಿದ್ದ, ಇಳಿಯುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಆದರೆ ಅವನ ಮುಖ ದಿನದಿಂದ ದಿನಕ್ಕೆ ಬಿಗಿಯಾಗುತ್ತಿತ್ತು. ಒಂದು ಮುಂಜಾನೆ ಕಟ್ಟೆಯ ಮೇಲೆ ಚಹಾದ ಹೊತ್ತಿನಲ್ಲಿ ಅದು ಒಡೆಯಿತು.

"ಕಾಕಾ, ಒಂದ್ ಮಾತ್ ಕೇಳತೇನಿ," ಎಂದ. "ಸಂಪಗಾಂವನ ಬಗಲ ಯಾವಾಗ್ ಆರಾಮ ಆಗತೈತ್ರಿ?"

"ಆಗತೈತಿ ಬಿಡಪಾ," ಎಂದರು ಕಾಕಾ.

"ಮೊನ್ನಿ ಅಂವ ಕೊಡಲಿ ತಗೊಂಡು ಜಾಲಿ ಗಿಡ ಕಡದದ್ದು ನಾ ನೋಡೇನ್ರಿ. ಕೊಡಲಿ ಎತ್ತಾಕ ಬರೂ ಬಗಲ ಕಂಬ ಹಿಡಿಯಾಕ ಬರಂಗಿಲ್ಲಂದ್ರ ಹೆಂಗ್ರಿ? ನಾವೇನ್ ಕಲ್ಲಿನಾವರ? ನಮಗೂ ಹೆಂಡ್ರು ಮಕ್ಕಳು ಅದಾರ."

ರಾಮದುರ್ಗ ಏನೋ ಅನ್ನಲು ಹೋದ. ನಾನು ಅವನ ತೊಡೆ ಒತ್ತಿ ಬೇಡವೆಂದೆ. ಚಚಡಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬರಲಿಲ್ಲ. ಕಪ್ಪು ಕೆಳಗಿಟ್ಟು ಗಾಡಿಯ ಹತ್ತಿರ ಹೋಗಿ ನಿಂತೆ.

ಆ ವಾರವೆಲ್ಲ ಬೇರೆ ಕೆಲಸದ ಯೋಚನೆ. ಸಬ್‌ಸ್ಟೇಷನ್ನಿನ ಕೆಲಸವಾದರೆ ಕಂಬದ ಹಂಗಿಲ್ಲ, ಕುರ್ಚಿಯ ಮೇಲೆ ಕೂತು ಮಾಡುವಂಥದ್ದು. ಅದಕ್ಕೆ ಹೋಗಲು ಏನು ಮಾಡಬೇಕು ಎಂದು ಕೇಳಿಕೊಂಡು ಬರಲು ಒಂದು ಮಧ್ಯಾಹ್ನ ಕಿತ್ತೂರ ಅಕ್ಕನ ಹತ್ತಿರ ಹೋದೆ. ಅವರು ಕುರ್ಚಿ ಕೊಟ್ಟು, ಡಬ್ಬಿಯಿಂದ ಅವಲಕ್ಕಿ ಹಾಕಿ ಮುಂದಿಟ್ಟರು.

"ತಿನ್ನು. ಆಮ್ಯಾಲ ಹೇಳು."

ನಾನು ಸುತ್ತಿ ಬಳಸಿ ಕೇಳಿದೆ. ಇಲ್ಲಿಯ ಕೆಲಸ ಹೇಗೆ, ನನ್ನಂಥವನಿಗೆ ಸಿಗುತ್ತದೆಯೇ, ಯಾರನ್ನು ಕಾಣಬೇಕು. ಅವರು ಪೂರ್ತಿ ಕೇಳಿಕೊಂಡರು.

"ಮೊದ್ಲು ಒಂದೊಂದ ದಿವ್ಸ ರಾಮದುರ್ಗ ಫೋನ್ ಮಾಡತಿದ್ದ, ಒಂದೊಂದ ದಿವ್ಸ ನೀ ಮಾಡತಿದ್ದಿ," ಎಂದರು. "ಮಳಿಗಾಲ ಹಿಡದಾಗಿಂದ ಬರೇ ನಿನ್ನ ದನೀನ ಕೇಳಾಕತ್ತೇನಿ. ನೀ ಕೆಳಗ ನಿಂತಿರತಿ ಅಂತ ನನಗ ಎಂದೋ ತಿಳದೈತಿ."

ನಾನು ತಲೆ ತಗ್ಗಿಸಿದೆ.

"ಬಗಲ ಅಲ್ಲ, ಅಂಜಿಕಿ. ಹೌದಿಲ್ಲೋ?"

ಅಷ್ಟು ತಿಂಗಳಲ್ಲಿ ಆ ಶಬ್ದವನ್ನು ನನ್ನೆದುರು ಯಾರೂ ಆಡಿರಲಿಲ್ಲ, ನಾನೂ ಆಡಿಕೊಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಅತ್ತೆ. ಅಕ್ಕ ಎದ್ದು ಹೋಗಿ ಮೀಟರುಗಳ ಕಡೆ ಮುಖ ಮಾಡಿ ನಿಂತರು. ನಾನು ಮುಖ ಒರೆಸಿಕೊಂಡ ಮೇಲೆ ತಿರುಗಿದರು.

"ನೀ ಬಿದ್ದ ದಿವ್ಸ ರಾಮದುರ್ಗ ಫೋನ್ ಮಾಡಿ, ಸಂಪಗಾಂವ ಕಂಬದ ಜೋಡಿ ಬಿದ್ದಾನ ಅಂದ. ನಾ ಮೊದ್ಲ ಏನ್ ಮಾಡಿದ್ನಿ ಗೊತ್ತೇನು? ಓಡಿ ಹೋಗಿ ಸ್ವಿಚ್ ನೋಡಿದ್ನಿ. ಕರೆಂಟ್ ತಗದಿದ್ನೋ ಇಲ್ಲೋ ಅಂತ. ತಗದಿದ್ನಿ. ಆದ್ರೂ ಕೈಕಾಲು ತಣ್ಣಗಾದ್ವು. ಅವತ್ತಿಂದ ಎಲ್‌ಸಿ ಕೊಡೂ ಮುಂದ ಒಂದ್ ಸಲ ನೋಡಿ ಬಂದು, ಕುಂತು, ಮತ್ತೊಂದ್ ಸಲ ಎದ್ದು ನೋಡತೇನಿ. ಕುರ್ಚಿ ಮ್ಯಾಲ ಕುಂತ ಮಾಡೂ ಕೆಲ್ಸಂತ ತಿಳಕೊಂಡೀಯಲ್ಲ, ಇಲ್ಲಿ ಅಂಜಿಕಿ ಇಲ್ಲಂತ ಯಾರ್ ಹೇಳಿದ್ರು ನಿನಗ?"

ನಾನು ತಟ್ಟೆ ಕೆಳಗಿಟ್ಟೆ.

"ಈ ಕಡೆ ಬರೂದಿದ್ರ ಬಾ, ನಾ ಬ್ಯಾಡನ್ನಂಗಿಲ್ಲ. ಆದ್ರ ಮೊದ್ಲು ಚಚಡಿಗೆ ಖರೇ ಹೇಳು. ಅಂವ ಸಿಟ್ಟಾಗಿದ್ದು ಕಂಬ ಹತ್ತೂದರ ಸಲುವಾಗಿ ಅಲ್ಲ. ನೀವಿಬ್ರೂ ಕೂಡಿ ಅವಂಗ ಮುಚ್ಚಿಟ್ರಿ ಅಂತ."

ಮರುದಿನ ಮಧ್ಯಾಹ್ನ ಒಂದು ಕಾಲುವೆಯ ದಂಡೆಯ ಮೇಲೆ ಊಟಕ್ಕೆ ಕೂತಿದ್ದೆವು. ಚಚಡಿ ಎಂದಿನಂತೆ ತುಸು ದೂರ ಕೂತಿದ್ದ. ನಾನು ಬುತ್ತಿ ಹಿಡಿದುಕೊಂಡು ಎದ್ದು ಹೋಗಿ ಅವನ ಪಕ್ಕ ಕೂತೆ.

"ಬಗಲ ಎಂದೋ ಆರಾಮ ಆಗೇತಿ," ಎಂದೆ. "ಕಂಬ ಹಿಡದ್ರ ಅದು ಬೀಳತೈತಿ ಅನಸ್ತೈತಿ. ಕಾಲು ನಡಗತಾವ. ಹತ್ತಾಕ ಆಗವಲ್ದು."

ಅವನು ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಇದನ್ನ ಮೊದ್ಲ ಹೇಳಾಕ ಏನಾಗಿತ್ತು?" ಎಂದ. "ಕಳ್ಳತನ ಮಾಡಾಕತ್ತಾನ ಅನಕೊಂಡಿದ್ನಿ. ಮೈ ಉಳಸ್ಕೊಳ್ಳಾಕತ್ತಾನ, ರಾಮದುರ್ಗ ಅವನ ದೋಸ್ತ, ನಡಸ್ಕೊಂಡು ಹೊಂಟಾನ ಅಂತ. ಮನ್ಯಾಗ ಹೋಗಿ ಹೆಂಡ್ತಿ ಮುಂದ ನಿನ್ನ ಬೈದೇನಿ."

"ಬೈದಿದ್ದು ತಪ್ಪಲ್ಲ."

"ತಪ್ಪೋ ಬರೋಬರೋ, ಬೈದೇನಿ." ತುಂಡು ರೊಟ್ಟಿ ಬಾಯಿಗೆ ಹಾಕಿಕೊಂಡು ಅಗಿದ. ಆಮೇಲೆ ಕೇಳಿದ, "ನಿಚ್ಚಣಿಕಿ ಮ್ಯಾಲ ನಿಂದ್ರಾಕ ಬರತೈತೇನು?"

ಏಣಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಬರಬಹುದು ಎಂದೆ.

"ಹಂಗಾದ್ರ ಅಲ್ಲಿಂದ ಸುರು ಮಾಡೂಣು."

ದೂರದಲ್ಲಿ ಕೂತಿದ್ದ ರಾಮದುರ್ಗ ನಮ್ಮನ್ನೇ ನೋಡುತ್ತಿದ್ದ. ಚಚಡಿ ಅವನಿಗೆ ಕೈ ಮಾಡಿ ಕರೆದು, "ಚಟ್ನಿ ತಗೊಂಡು ಈ ಕಡೆ ಬಾರಪಾ," ಎಂದ. ಅಂದಿನಿಂದ ನಾವು ಮೂವರೂ ಒಟ್ಟಿಗೇ ಉಂಡೆವು.

ಆ ಹೊತ್ತಿಗೆ ಹೊಲಗಳ ನಡುವೆ ಹೊಸದೊಂದು ಲೈನು ಎಳೆಯುವ ಕೆಲಸ ನಡೆದಿತ್ತು. ಕಂಬ ನಿಂತಿದ್ದವು, ತಂತಿಗೆ ಇನ್ನೂ ಕರೆಂಟು ಬಿಟ್ಟಿರಲಿಲ್ಲ. ಕಾಕಾಗೆ ರಾಮದುರ್ಗ ಹೋಗಿ ಎಲ್ಲವನ್ನೂ ಹೇಳಿದ. ಅವರು ಹೆಚ್ಚೇನೂ ಕೇಳದೆ, ವಾರದಲ್ಲಿ ಕೆಲವು ದಿನ ಸಂಜೆಯ ಹೊತ್ತು ನಮ್ಮನ್ನು ಆ ಕಡೆಗೆ ಹಾಕಿದರು. ಚಚಡಿ ತನ್ನ ಊರಿನಿಂದ ಉದ್ದನೆಯ ಬಿದಿರಿನ ಏಣಿ ತಂದ. ಅದನ್ನು ಕಂಬಕ್ಕೆ ಆನಿಸಿ ಅವನೊಂದು ಕಡೆ, ರಾಮದುರ್ಗ ಒಂದು ಕಡೆ ಹಿಡಿದು ನಿಂತರು.

"ಹತ್ತು. ಎಲ್ಲಿ ಬ್ಯಾಡ ಅನಸ್ತೈತಿ, ಅಲ್ಲೇ ನಿಂದ್ರು. ಇಳೀಬ್ಯಾಡ, ಹತ್ತಬ್ಯಾಡ. ನಿಂದ್ರು," ಎಂದ ಚಚಡಿ.

ನಾನು ಅರ್ಧ ಏಣಿ ಹತ್ತಿ ನಿಂತೆ. ಕೆಳಗೆ ಇವರಿಬ್ಬರೂ ಸೋಯಾಬೀನಿನ ದರ, ಯಾರದೋ ಮನೆಯ ಸೀಮಂತ, ಸವದತ್ತಿಯ ಸಂತೆಯಲ್ಲಿ ಮಾರಿದ ಹೋತ, ಇಂಥ ಮಾತಿನಲ್ಲಿದ್ದರು. ನನಗೆ ಧೈರ್ಯ ಹೇಳಲಿಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬ ತಲೆ ಎತ್ತಿ, ಇದ್ದೀಯಾ ಎಂದು ವಿಚಾರಿಸುವಂತೆ, "ಅದಿಯಾ?" ಎನ್ನುವುದು, ನಾನು "ಅದೇನಿ" ಎನ್ನುವುದು. ಹಾಗೆ ನಿಂತು ನಿಂತು ನಡುಕ ತಾನೇ ದಣಿದು ಇಳಿಯುತ್ತಿತ್ತು. ಆಗ ಇನ್ನೊಂದು ಮೆಟ್ಟಿಲು.

ಏಣಿಯಿಂದ ಕಂಬಕ್ಕೆ ದಾಟುವುದಕ್ಕೆ ಬಹಳ ದಿನ ಹಿಡಿಯಿತು. ಒಂದು ದಿನ ಚೆನ್ನಾಗಿ ಹೋದರೆ ಮರುದಿನ ಮೊದಲಿನ ಮೆಟ್ಟಿಲಿಗೇ ಮೈ ಬೆವರುತ್ತಿತ್ತು. ಅಂಥ ಒಂದು ಸಂಜೆ ನಾನು ಏಣಿಯಿಂದ ಇಳಿದು, ಬೆಲ್ಟನ್ನು ನೆಲಕ್ಕೆ ಒಗೆದು, "ಇದು ಆಗೂ ಮಾತಲ್ಲ, ನಿಮ್ಮ ಹೊತ್ತು ಹಾಳ ಮಾಡಾಕತ್ತೇನಿ," ಎಂದೆ. ರಾಮದುರ್ಗ ಬೆಲ್ಟು ಎತ್ತಿ, ಮಣ್ಣು ಝಾಡಿಸಿ, ಗಾಡಿಗೆ ಕಟ್ಟಿದ.

"ಇವತ್ತ ಆಗಲಿಲ್ಲ. ನಡಿ, ಭಜಿ ತಿನ್ನೂಣು," ಎಂದ.

ಅಷ್ಟೇ. ಮರುದಿನ ಮತ್ತೆ ಏಣಿ ಹಿಡಿದು ನಿಂತ.

ಇದರ ನಡುವೆ ಹೊಸ ಸಾಹೇಬರು ಸೆಕ್ಷನ್ನಿಗೆ ಬಂದರು. ಒಳ್ಳೆಯ ಮನುಷ್ಯರೇ, ಕೆಲಸ ಚುರುಕಾಗಬೇಕು ಎನ್ನುವವರು. ಎಲ್ಲರ ಕೆಲಸ ವಿಚಾರಿಸುತ್ತ ನನ್ನ ವಿಷಯ ಅವರ ಕಿವಿಗೆ ಬಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ, ಒಳಗಿನ ಮಾತು ಕೇಳುತ್ತಿತ್ತು.

"ಮೇಸ್ತ್ರಿಯವರೇ, ಕಂಬ ಹತ್ತದ ಲೈನ್‌ಮನ್ ಇಟ್ಟುಕೊಂಡು ಏನು ಮಾಡ್ತೀರಿ? ಬೇರೆ ಕಡೆ ಕಳಿಸಲಿಕ್ಕೆ ನಾನು ಮೇಲಿನವರಿಗೆ ಹೇಳ್ತೀನಿ. ಅವನ ಜಾಗಕ್ಕೆ ಹತ್ತುವವರು ಬರ್ತಾರೆ."

ಕಾಕಾ ಸಾಹೇಬರ ಎದುರು ಕುರ್ಚಿಯಲ್ಲಿ ಕೂರುವವರಲ್ಲ. ನಿಂತೇ ಹೇಳಿದರು.

"ನಮಗ ಅಂವ ಬೇಕ್ರಿ ಸಾಹೇಬ್ರ."

"ಯಾಕೆ?"

"ಅಂವ ಕೆಳಗ ನಿಂತ್ರ ಮ್ಯಾಲ ಹೋದಾಂವ ನಿಶ್ಚಿಂತಿಯಿಂದ ಕೆಲ್ಸಾ ಮಾಡತಾನ್ರಿ. ಈ ಮಳಿಗಾಲದಾಗ ಬುಡ ತುಕ್ಕು ಹಿಡದಿದ್ದ ಎಷ್ಟೋ ಕಂಬ ಅಂವ ಹುಡುಕ್ಯಾನ. ಹತ್ತೂದನ್ನ ಹುಡುಗ್ರು ಕಲಸಾಕತ್ತಾರ. ಸ್ವಲ್ಪ ದಿವ್ಸ ಬಿಡ್ರಿ. ಕೆಲ್ಸ ಯಾವ್ದೂ ನಿಂದ್ರಂಗಿಲ್ಲ, ಅದು ನನ್ನ ಜವಾಬ್ದಾರಿ."

ಸಾಹೇಬರು ಏನೆಂದರೋ ಸರಿಯಾಗಿ ಕೇಳಲಿಲ್ಲ. ಕಾಕಾ ಹೊರಗೆ ಬಂದು ನನ್ನನ್ನು ನೋಡಿ, ಕೇಳಿಸಿಕೊಂಡಿದ್ದಾನೆ ಎಂದು ತಿಳಿದು, ತುಸು ಮುಜುಗರಪಟ್ಟರು. "ಕುಂತಿ ಯಾಕ? ಆ ಮ್ಯಾಲಿನ ಓಣ್ಯಾಗ ಟೊಂಗಿ ತಂತಿಗೆ ಹತ್ಯಾವ ನೋಡು, ಹೋಗು," ಎಂದರು.

ಮಳೆ ಮುಗಿದು ಕಡಲೆ ಬಿತ್ತುವ ಹೊತ್ತಿಗೆ ನಾನು ಏಣಿ ಇಲ್ಲದೆ ಹೊಸ ಲೈನಿನ ಕಂಬದ ತುದಿ ಮುಟ್ಟಿ ಇಳಿದೆ. ಆಮೇಲೆ ಕರೆಂಟಿನ ಲೈನಿನ ಪಾಳಿ. ಒಂದು ಮುಂಜಾನೆ ದೊಡವಾಡದ ರಸ್ತೆಯ ಕಡೆಯಿಂದ ಬರುವಾಗ ಒಂದು ತೋಟದ ಸಿಮೆಂಟ್ ಕಂಬದಲ್ಲಿ ಕೆಲಸ ಬಂತು. ಗಾಡಿ ನಿಲ್ಲಿಸಿದ ರಾಮದುರ್ಗ ಬೆಲ್ಟಿಗೆ ಕೈ ಹಾಕದೆ ನಿಂತ. ನಾನು ಬುಡ ಕೆದರಿ ನೋಡಿದೆ. ಗಟ್ಟಿಯಿತ್ತು. ಬೆಲ್ಟು ತೆಗೆದುಕೊಂಡೆ.

ಅಂದು ಎಲ್‌ಸಿಗೆ ಅವನು ಫೋನು ಮಾಡಿದ. ಎಷ್ಟೋ ತಿಂಗಳ ಮೇಲೆ ನನ್ನ ದನಿಯ ಬದಲು ಅವನ ದನಿ ಕೇಳಿ ಕಿತ್ತೂರ ಅಕ್ಕನಿಗೆ ತಿಳಿದುಹೋಯಿತು. ಅವನು ಫೋನನ್ನು ನನ್ನ ಕಿವಿಗೆ ಹಿಡಿದ.

"ಕರೆಂಟ್ ತಗದೇನಿ," ಎಂದರು ಅವರು. "ಎರಡ ಸಲ ನೋಡಿ ಬಂದೇನಿ. ನೀ ಇಳದು ಹೇಳೂತನಕಾ ಇಲ್ಲೇ ಕುಂತಿರತೇನಿ. ಸಾವಕಾಶ ಹತ್ತು."

ಹತ್ತಿದೆ. ನಡುವೆ ಒಮ್ಮೆ ಆ ಸಪ್ಪಳ ಬಂತು. ನಿಂತೆ. ಕೆಳಗಿನಿಂದ "ಅದಿಯಾ?" ಎಂದು ಕೇಳಿತು. "ಅದೇನಿ" ಎಂದೆ. ಮತ್ತೆ ಹತ್ತಿದೆ. ಮೇಲೆ ಹೋಗಿ ಬೆಲ್ಟು ಬಿಗಿದು ಕೆಲಸ ಮುಗಿಸಿ ಇಳಿದಾಗ ಅಂಗಿ ತೊಯ್ದು ಮೈಗೆ ಅಂಟಿತ್ತು. ರಾಮದುರ್ಗ ನೀರಿನ ಬಾಟಲಿ ಕೊಟ್ಟ. ತೋಟದವನು ಪಂಪು ಚಾಲೂ ಮಾಡಿ, "ಲಗೂನ ಮಾಡಿದ್ರಿ," ಎಂದು ಎರಡು ಪಪ್ಪಾಯಿ ಕಟ್ಟಿಕೊಟ್ಟ. ಅವನಿಗೆ ಆ ಕೆಲಸ ಎಷ್ಟು ತಡವಾಗಿ ಆದದ್ದು ಎಂದು ಗೊತ್ತಿರಲಿಲ್ಲ.

ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಮೆಂಟಿನ ಕಂಬ ಹತ್ತುತ್ತೇನೆ. ಕಬ್ಬಿಣದ್ದನ್ನು ಇವತ್ತಿಗೂ ಹತ್ತಿಲ್ಲ. ಪ್ರಯತ್ನ ಮಾಡಿ ಬಿಟ್ಟಿದ್ದೇನೆ. ಕಬ್ಬಿಣದ ಕಂಬ ಬಂದರೆ ಚಚಡಿ ಬೆಲ್ಟು ಹಾಕಿಕೊಳ್ಳುತ್ತಾನೆ, ಅವನ ಪಾಲಿನ ಸಿಮೆಂಟ್ ಕಂಬ ಒಂದನ್ನು ನಾನು ಹತ್ತುತ್ತೇನೆ. ಇದರ ಬಗ್ಗೆ ನಮ್ಮಲ್ಲಿ ಚರ್ಚೆ ಇಲ್ಲ. ನಾನು ಬುಡ ನೋಡಿ ಹ್ಞೂಂ ಎನ್ನುವವರೆಗೆ ಅವನು ಕಂಬ ಮುಟ್ಟುವುದಿಲ್ಲ. ಒಮ್ಮೆ ಬೇರೆ ಸೆಕ್ಷನ್ನಿನವನೊಬ್ಬ ಇದನ್ನು ಕಂಡು ಚೇಷ್ಟೆ ಮಾಡಲು ಬಂದ. ಚಚಡಿ ಅವನನ್ನು ನೋಡಿದ ನೋಟಕ್ಕೆ ಮಾತು ಅರ್ಧಕ್ಕೇ ನುಂಗಿಕೊಂಡ.

ಹೋದ ವರ್ಷ ರಾಮದುರ್ಗನಿಗೆ ಅವನ ಊರಿಗೇ ವರ್ಗವಾಯಿತು. ಸಾಮಾನು ಸಾಗಿಸಲು ಟೆಂಪೋ ಮಾಡಿದ್ದ. ನಾನೂ ಚಚಡಿಯೂ ರಜೆ ಹಾಕಿ ಹೋದೆವು. ಕಪಾಟು, ಮಂಚ, ಕಾಳಿನ ಡಬ್ಬಿ, ಮಕ್ಕಳ ಸೈಕಲ್ಲು ಎಲ್ಲ ಏರಿಸಿ, ಸವದತ್ತಿಯ ಮೇಲೆ ಹಾದು ರಾಮದುರ್ಗ ಮುಟ್ಟಿದಾಗ ಬಿಸಿಲು ಇಳಿದಿತ್ತು. ಸಾಮಾನು ಒಳಗಿಡುವಾಗ ಅವನ ಹೆಂಡತಿ ನನಗೆ ಚಹಾ ಕೊಡುತ್ತ ಹೇಳಿದರು.

"ಅಂತೂ ಬಂದ್ವಿ ನೋಡ್ರಿ ಅಣ್ಣಾರ. ಈ ವರ್ಗ ನಮಗ ಮೊದ್ಲ ಬರೂದಿತ್ತು. ನೀವು ಬಿದ್ದ ವರ್ಷಾನ ಮ್ಯಾಲಿನವ್ರು ಹೋಗತೀಯೇನಂತ ಕೇಳಿದ್ರು. ಇವ್ರ ಈಗ ಬ್ಯಾಡ, ಮುಂದ ನೋಡೂಣು ಅಂದ್ರು. ನಮ್ಮ ಅತ್ತಿಯಾರು ಸಿಟ್ಟಾಗಿದ್ರು. ನಾನೂ ಆಗಿದ್ನಿ, ಖರೇ ಹೇಳತೇನಿ."

ನನ್ನ ಕೈಯಲ್ಲಿ ಚಹಾ ಹಾಗೇ ಉಳಿಯಿತು. ಅಷ್ಟು ದಿನ ಒಂದೇ ಗಾಡಿಯ ಮೇಲೆ ತಿರುಗಿದವನು ಈ ಮಾತು ಬಾಯಿ ಬಿಟ್ಟಿರಲಿಲ್ಲ. ಹೊರಗೆ ಬಂದೆ. ಅವನು ಟೆಂಪೋದ ಹಿಂದೆ ನಿಂತು ಹಗ್ಗ ಸುತ್ತುತ್ತಿದ್ದ.

"ನೀ ವರ್ಗ ಬಿಟ್ಟಿದ್ಯಂತ?"

"ಯಾರ್ ಹೇಳಿದ್ರು, ಅಕಿ ಹೇಳಿದ್ಲಾ?" ಎಂದ. "ಮಳಿಗಾಲದಾಗ ಯಾರ್ ಮನಿ ಬದ್ಲ ಮಾಡತಾರ."

"ಆ ಮಳಿಗಾಲ ಮುಗದು ಎಷ್ಟ್ ದಿನ ಆತು."

ಅವನು ಹಗ್ಗದ ಸುತ್ತು ಮುಗಿಸಿ ಗಂಟು ಹಾಕಿದ. "ನೀ ನನ್ನ ಕೊಳ್ಳಾಗ ಕೈ ಹಾಕಿದ್ದಿ ಅವತ್ತ. ಕೈ ಹೆಂಗ ನಡಗತಿತ್ತಂದ್ರ, ಅದು ನನಗೂ ಭಾಳ ದಿವ್ಸ ಹೋಗಲಿಲ್ಲ. ನಿನ್ನ ಹಂಗ ಬಿಟ್ಟು ಬಂದಿದ್ರ ಇಲ್ಲಿ ನನಗ ಕಂಬ ಹತ್ತಾಕ ಆಗತಿತ್ತೇನು?" ಎಂದು, ಇನ್ನು ಆ ಮಾತು ಸಾಕು ಎನ್ನುವಂತೆ ಹಗ್ಗವನ್ನು ನನ್ನ ಕೈಗಿಟ್ಟು, ಕಪಾಟು ಎಲ್ಲಿಡಬೇಕು ಎಂದು ಕೂಗುತ್ತಿದ್ದ ತಾಯಿಗೆ ಓ ಕೊಡುತ್ತ ಒಳಗೆ ಹೋದ.

ಊಟಕ್ಕೆ ನಮ್ಮನ್ನು ನಿಲ್ಲಿಸಿಕೊಂಡರು. ಅವನ ತಾಯಿ ಬಿಸಿ ರೊಟ್ಟಿ ಹಾಕುತ್ತ, ನನ್ನನ್ನು ಕಂಡು ಹಳೆಯ ಸಿಟ್ಟು ನೆನಪಾಯಿತೋ ಇಲ್ಲವೋ, ಬೇಡವೆಂದರೂ ತಟ್ಟೆಗೆ ಬೆಣ್ಣೆ ಹಾಕಿದರು. ಬರುವಾಗ ಕೊನೆಯ ಬಸ್ಸಿಗೆ ಇನ್ನೂ ವೇಳೆ ಇತ್ತು. ಚಚಡಿಯೂ ನಾನೂ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆವು. ಅವನು ನಾಳೆ ಯಾವ ಕಡೆ ಹೋಗುವುದು, ಕಾಕಾ ಏನು ಹೇಳಿದ್ದಾರೆ ಎಂದು ಕೇಳಿದ. ಮೇಲಿನ ಹಳ್ಳಿಗೆ, ಟ್ರಾನ್ಸ್‌ಫಾರ್ಮರಿನ ಕೆಲಸ ಎಂದೆ.

"ಹಂಗಾದ್ರ ಲಗೂನ ಬಾ," ಎಂದ. "ಒಂದ ಗಾಡೀನ ತಗೊಂಡ್ ಹೋಗೂಣು."